ಅಕ್ಕ ನಕ್ಕ ಫೋಟೊ

ಲಿಂಗಸುಗೂರಿನಿಂದ ಬಂದ ಬಸ್ಸಿನ ಕಂಡಕ್ಟರು ಇವತ್ತು ಬೆಳಿಗ್ಗೆ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಗೊಂದು ಪಾರ್ಸೆಲ್ ಕೊಟ್ಟ. ಒಳಗೆ ಹಳೆಯ ಪೇಪರು, ಅದರ ಮೇಲೆ ಗೊಬ್ಬರದ ಚೀಲದ ತುಂಡು, ಅದರ ಮೇಲೆ ಬಿಗಿಯಾಗಿ ಸುತ್ತಿದ ಸುತಳಿ. ದೊಡ್ಡಪ್ಪನ ಮಗಳು ಸುಮಾಳ ಮದುವೆಯಾಗಿ ಮೂರು ತಿಂಗಳಾದ ಮೇಲೆ ಅಂತೂ ಅವಳ ಆಲ್ಬಂ ತಯಾರಾಗಿದೆ. ಅದರಲ್ಲಿ ಎಲ್ಲರಿಗೂ ಮೆಚ್ಚಿಕೆಯಾದ ಒಂದು ಫೋಟೊವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ನನಗೆ ಕಳಿಸಿದ್ದಾಳೆ. ರೂಮಿಗೆ ತಂದು ಬಿಚ್ಚಿದೆ. ಹೊಸ ಕಟ್ಟಿನ ವಾರ್ನಿಶ್ ವಾಸನೆ ರೂಮು ತುಂಬಿತು. ಫೋಟೊದಲ್ಲಿ ನಾನು ಮತ್ತು ನನ್ನ ಅಕ್ಕ. ಅಕ್ಕ ನನ್ನ ಕಿವಿಯ ಕಡೆ ಬಾಗಿ ಏನೋ ಹೇಳುತ್ತಿದ್ದಾಳೆ, ನಾನು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೇನೆ. ಎದುರಿಗೊಂದು ಕ್ಯಾಮೆರಾ ಇದೆಯೆಂಬ ಪರಿವೆ ಇಬ್ಬರಿಗೂ ಇದ್ದಂತಿಲ್ಲ.

ನೀರಿನ ಮೋಟಾರು ಬಂದ್ ಮಾಡಲು ಮೇಲೆ ಬಂದ ಮನೆಯೊಡತಿ ಬಾಗಿಲಲ್ಲೇ ನಿಂತು ನೋಡಿದರು. “ಅಕ್ಕ ತಮ್ಮ ಅಂದ್ರ ಹಿಂಗಿರಬೇಕು ನೋಡ್ರಿ ಸರ,” ಅಂದರು.

ನೀವು ನೋಡಿದ್ದರೂ ಹಾಗೇ ಅನ್ನುತ್ತಿದ್ದಿರಿ. ತಪ್ಪು ನಿಮ್ಮದಲ್ಲ. ಆದರೆ ಈ ಫೋಟೊ ಸುಳ್ಳು. ಇದಕ್ಕೆ ಸಾಕ್ಷಿ ಹೇಳಬಲ್ಲವರು ಲೋಕದಲ್ಲಿ ಇಬ್ಬರೇ, ಅವರಿಬ್ಬರೂ ಆ ಫೋಟೊದಲ್ಲೇ ಇದ್ದಾರೆ. ಅದನ್ನು ತೆಗೆದ ಹೊತ್ತಿಗೆ ನಾನೂ ಅಕ್ಕನೂ ಮಾತು ಬಿಟ್ಟು ಮೂರು ವರ್ಷಕ್ಕೆ ಬರುತ್ತಿತ್ತು. ಮಾತು ಬಿಡಿಸಿದ್ದೂ ಒಂದು ಫೋಟೊವೇ. ಅದು ಮಾತ್ರ ಅಪ್ಪಟ ನಿಜವಾಗಿತ್ತು.

ನಾನು ಚರ್ಚಾಸ್ಪರ್ಧೆಯಲ್ಲಿ ಬೆಳೆದ ಪ್ರಾಣಿ. ಲಿಂಗಸುಗೂರಿನ ಕಾಲೇಜಿನಲ್ಲಿದ್ದ ಮೂರು ವರ್ಷ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ, ಯಾವುದು ಸಿಕ್ಕರೂ ಗೆದ್ದು ಬರುತ್ತಿದ್ದೆ. ಗೆದ್ದ ಕಪ್‌ಗಳು ಮಸ್ಕಿಯ ನಮ್ಮ ಮನೆಯಲ್ಲಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದರಲ್ಲಿ ಅವ್ವ ಹುಣಸೆಹಣ್ಣು ತುಂಬಿಟ್ಟಿದ್ದಾಳೆ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ನನ್ನ ಭಾಷಣವನ್ನು ಎಲ್ಲರಿಗಿಂತ ಮೊದಲು ಕೇಳುತ್ತಿದ್ದವಳು ಅವಳೇ, ಅದೂ ರೊಟ್ಟಿ ಬಡಿಯುತ್ತ. ಪಾಯಿಂಟು ಸಪ್ಪೆಯಾಗಿದ್ದರೆ ಬಡಿತ ಒಂದೇ ಲಯದಲ್ಲಿ ನಡೆದಿರುತ್ತಿತ್ತು. ಚೆನ್ನಾಗಿದ್ದರೆ ಒಂದು ಕ್ಷಣ ಕೈ ನಿಲ್ಲುತ್ತಿತ್ತು. ಜಿಲ್ಲೆಯ ಯಾವ ನಿರ್ಣಾಯಕರೂ ನನಗೆ ಅಷ್ಟು ಪ್ರಾಮಾಣಿಕವಾಗಿ ಅಂಕ ಕೊಟ್ಟಿಲ್ಲ.

ನಮ್ಮ ಮನೆಯಲ್ಲಿ ಫೋಟೊ ಎಂದರೆ ಅದೊಂದು ವಿಧಿ. ಮುಖ ತೊಳೆಯಬೇಕು, ವಿಭೂತಿ ಹಚ್ಚಬೇಕು. ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಳ್ಳಬೇಕು, ಗಂಡಸರು ಕುರ್ಚಿಯಲ್ಲಿ ಕೂತು ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಊರಬೇಕು. ಆಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಫೌಜುದಾರನ ಮುಂದೆ ನಿಂತವರಂತೆ ನೋಡಬೇಕು. ಅಪ್ಪ-ಅವ್ವನ ಮದುವೆಯ ಫೋಟೊದಲ್ಲಿ ಅಪ್ಪನ ತುಟಿಯ ಒಂದು ಮೂಲೆ ಮಾತ್ರ ಈ ಶಿಸ್ತು ಮೀರಿದೆ. ಉಣ್ಣುವಾಗ, ಮಲಗಿದಾಗ, ಬಾಯಿಬಿಟ್ಟು ನಗುವಾಗ ಫೋಟೊ ತೆಗೆಯಬಾರದು, ದೃಷ್ಟಿಯಾಗುತ್ತದೆ ಎಂಬುದು ಅವ್ವನ ಸಿದ್ಧಾಂತ. ಆಧಾರ ಕೊಡು ಎಂದು ಕೇಳಿದೆ. ಅವ್ವ ಗೋಡೆ ತೋರಿಸಿದಳು. “ನಿಮ್ಮಪ್ಪನ ಮದುವಿ ಫೋಟೊ ನೋಡು. ಆವತ್ತು ಸ್ವಲ್ಪ ನಕ್ಕಬಿಟ್ಟ. ಈಗ ತಲ್ಯಾಗ ಎಷ್ಟು ಕೂದಲ ಉಳಿದಾವ ಎಣಸು.” ಇಂಥ ವಾದಕ್ಕೆ ಎದುರು ಹೇಳುವ ತರಬೇತಿ ನನಗೆ ಯಾವ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.

ನನ್ನ ಸಿದ್ಧಾಂತ ಬೇರೆಯಿತ್ತು. ಮನುಷ್ಯ ಕ್ಯಾಮೆರಾ ಕಂಡ ಕ್ಷಣದಿಂದ ಸುಳ್ಳು ಹೇಳಲು ಶುರುಮಾಡುತ್ತಾನೆ, ಆದ್ದರಿಂದ ಅವನಿಗೆ ಗೊತ್ತಿಲ್ಲದೆ ಸಿಕ್ಕ ಮುಖವೇ ಅವನ ನಿಜವಾದ ಮುಖ. ಒಳ್ಳೆಯ ಕ್ಯಾಮೆರಾದ ಫೋನು ಕೈಗೆ ಬಂದ ವರ್ಷ ಈ ಸಿದ್ಧಾಂತವನ್ನು ಮನೆಯವರ ಮೇಲೆಲ್ಲ ಪ್ರಯೋಗಿಸಿದೆ. ಬೀಜದ ಅಂಗಡಿಯಲ್ಲಿ ಹತ್ತಿಬೀಜದ ಡಬ್ಬಿಗೆ ಒರಗಿ ಬಾಯಿ ತೆರೆದು ನಿದ್ದೆಹೋದ ಅಪ್ಪ. ತುಟಿಯಲ್ಲಿ ಪಿನ್ನು ಕಚ್ಚಿಕೊಂಡು ಟಿವಿ ಧಾರಾವಾಹಿಯ ಅತ್ತೆಯನ್ನು ಬೈಯುತ್ತಿರುವ ಅವ್ವ. ಅಳಿಸಪ್ಪಾ ಎಂದು ಅವರು ಬೇಡಿಕೊಳ್ಳುವುದು, ನಿಜಕ್ಕೆ ಯಾಕೆ ಹೆದರುತ್ತೀರಿ ಎಂದು ನಾನು ಭಾಷಣ ಬಿಗಿಯುವುದು. ಈಗ ನೆನೆದರೆ ಆ ಮನೆಯಲ್ಲಿ ನನಗೆ ಎರಡು ಹೊತ್ತು ಊಟ ಹಾಕಿದ್ದೇ ದೊಡ್ಡದು ಅನ್ನಿಸುತ್ತದೆ.

ಅಕ್ಕನನ್ನು ತುರ್ವಿಹಾಳಕ್ಕೆ ಕೊಟ್ಟಿದ್ದೆವು. ಕಾಲುವೆಯ ನೀರಿನ ಭತ್ತದ ಮನೆತನ. ಮದುವೆಯಾದ ಮರುವರ್ಷ, ಸಂಕ್ರಾಂತಿ ಕಳೆದ ಮೇಲೆ, ಅವಳ ಮಾವನವರು ತೀರಿಕೊಂಡರು. ಮನೆಯ ಹಿರಿಯರು ಹೋದರೆ ವರ್ಷ ತುಂಬುವತನಕ ಸೊಸೆ ಹಬ್ಬಕ್ಕೆಂದು ತವರಿಗೆ ಹೋಗುವಂತಿಲ್ಲ ಎಂಬುದು ಅವರ ಮನೆಯ ರೂಢಿ. ಶ್ರಾವಣ ಬಂತು, ಪಂಚಮಿ ಬಂತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಪಂಚಮಿಯೆಂದರೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ತಮ್ಮನೋ ಅಣ್ಣನೋ ಹೋಗಿ ಕರೆತರುತ್ತಾನೆ, ಐದು ದಿನ ಉಂಡಿ ತಿಂದು ಜೋಕಾಲಿ ಆಡುತ್ತಾರೆ. ಆ ಐದು ದಿನಕ್ಕೆ ಅವರು ಯಾರ ಸೊಸೆಯೂ ಅಲ್ಲ. ಅಕ್ಕ ಫೋನಿನಲ್ಲಿ ಅತ್ತಳಂತೆ. ಅವ್ವನೇ ದಾರಿ ತೋರಿಸಿದ್ದು. ಅವ್ವನಿಗೆ ಮೊಣಕಾಲು ಹಿಡಿದು ಎದ್ದು ನಿಲ್ಲಲಾಗುತ್ತಿಲ್ಲವೆಂದು ನಿಮ್ಮ ಅತ್ತೆಗೆ ಹೇಳು, ಹೇಗೂ ವರ್ಷಕ್ಕೆ ನಾಲ್ಕು ತಿಂಗಳು ನೋಯುತ್ತದೆ, ಪೂರಾ ಸುಳ್ಳಲ್ಲ ಎಂದಳು. ಅತ್ತೆ ಒಪ್ಪಿದರು. ಹಬ್ಬಕ್ಕಲ್ಲ, ತಾಯಿಯ ಚಾಕರಿಗೆ ಎಂದು ಹೇಳಿ ಕಳಿಸಿದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಇಲ್ಲಿ ಬರೆದರೆ ನೀವು ನಂಬುತ್ತಿದ್ದಿರಿ, ಆದರೆ ಗೊತ್ತಿತ್ತು.

ರೊಟ್ಟಿ ಪಂಚಮಿಯ ಮಧ್ಯಾಹ್ನ. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ. ಅಕ್ಕನ ಮುಂದಿನ ಎರಡು ಹಲ್ಲು ತುಸು ಒಂದರ ಮೇಲೊಂದು ಬಂದಿವೆ, ಅದಕ್ಕೇ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಜೋಕಾಲಿಯ ಮೇಲೆ ಎರಡೂ ಕೈ ಹಗ್ಗದಲ್ಲಿದ್ದವು, ಅಡ್ಡ ಹಿಡಿಯಲು ಕೈಯೇ ಇರಲಿಲ್ಲ. ತಲೆಯ ಸೆರಗು ಗಾಳಿಗೆ ಹಾರಿತ್ತು, ಜಡೆ ಬಿಚ್ಚಿತ್ತು, ಬಾಯಲ್ಲಿ ಅರ್ಧ ಎಳ್ಳುಂಡಿ ಇತ್ತು. ಅಷ್ಟನ್ನೂ ಇಟ್ಟುಕೊಂಡು ಅವಳು ಬಾಯಿ ತುಂಬ ನಕ್ಕಳು. ನಾನು ಬಾಗಿಲ ಮರೆಯಿಂದ ಒತ್ತಿದೆ. ನೋಡಿದರೆ ನನ್ನ ಜನ್ಮದಲ್ಲೇ ಅಂಥ ಫೋಟೊ ಸಿಕ್ಕಿರಲಿಲ್ಲ. ಸಿದ್ಧಾಂತ ಗೆದ್ದಿತು. ಆ ಹುಮ್ಮಸ್ಸಿನಲ್ಲಿ “ಪೋಸಿಲ್ಲ, ಸುಳ್ಳಿಲ್ಲ” ಎಂದು ಬರೆದು ಸ್ಟೇಟಸ್‌ಗೆ ಹಾಕಿಬಿಟ್ಟೆ.

ಫೋಟೊದಲ್ಲಿ ಅಕ್ಕನ ಹಿಂದೆ ಇನ್ನೊಬ್ಬಳಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲು ಮುಂದಿಟ್ಟು, ಮೈಯೆಲ್ಲ ಬಲ ಹಾಕಿ ಜೋಕಾಲಿ ಜೀಕುತ್ತಿರುವ ಅವ್ವ. ಎದ್ದು ನಿಲ್ಲಲಾಗದ ಅವ್ವ.

ಭಾವ ಸೀದಾ ಮನುಷ್ಯ. ಹೆಂಡತಿ ಇಷ್ಟು ಖುಷಿಯಾಗಿರುವುದನ್ನು ಕಂಡು ಸಂತೋಷಪಟ್ಟು ತಾಯಿಗೂ ತೋರಿಸಿದನಂತೆ. ತೋರಿಸಿದ ಮೇಲೆ ಅವನ ಕಣ್ಣಿಗೆ ಅವ್ವ ಬಿದ್ದಳು. ಸಂಜೆಯ ಹೊತ್ತಿಗೆ ಬೈಕು ನಮ್ಮ ಮನೆಯ ಮುಂದಿತ್ತು. ಮರುದಿನ ನಾಗಪ್ಪನಿಗೆ ಹಾಲೆರೆಯುವುದಕ್ಕೂ ಅಕ್ಕ ಉಳಿಯಲಿಲ್ಲ.

ಆಗಲಾದರೂ ನಾನು ತಪ್ಪಾಯಿತೆನ್ನಬಹುದಿತ್ತು. ಅಕ್ಕ ಚೀಲಕ್ಕೆ ಸೀರೆ ತುಂಬುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು ವಾದ ಮಂಡಿಸಿದೆ. ಸುಳ್ಳು ಹೇಳಿದವರು ನೀವು, ಫೋಟೊ ಸುಳ್ಳು ಹೇಳಿಲ್ಲ. ಅಷ್ಟಕ್ಕೂ ಸತ್ತವರಿಗಾಗಿ ಬದುಕಿದವರು ನಗಬಾರದೆಂಬ ರೂಢಿಯೇ ತಪ್ಪು, ಅದನ್ನು ಎದುರಿಸದೆ ಮೊಣಕಾಲಿನ ನೆಪ ಯಾಕೆ ಬೇಕಿತ್ತು? ಈಗಲೂ ಹೇಳುತ್ತೇನೆ, ಅದರಲ್ಲಿ ಒಂದು ಪಾಯಿಂಟೂ ದುರ್ಬಲವಾಗಿರಲಿಲ್ಲ. ಅಕ್ಕ ಚೀಲದ ಜಿಪ್ಪು ಎಳೆದು ನನ್ನ ಮುಖ ನೋಡಿದಳು.

“ನೀ ಗೆದ್ದಿ ಬಿಡು ತಮ್ಮಾ,” ಅಂದಳು.

ಅದೇ ಕೊನೆ. ಮುಂದಿನ ಎರಡು ಪಂಚಮಿಗೆ ಅಪ್ಪ ತುರ್ವಿಹಾಳಕ್ಕೆ ಕರೆಯಲು ಹೋಗಿ ಒಬ್ಬನೇ ಬಂದ. ಈ ಸಲ ಬ್ಯಾಡ, ಮುಂದ ನೋಡೋಣು ಎಂದರಂತೆ ಅಕ್ಕನ ಅತ್ತೆ. ಜೋಕಾಲಿಯ ಹಗ್ಗ ಅಟ್ಟದಿಂದ ಇಳಿಯಲೇ ಇಲ್ಲ. ಅಕ್ಕ ಅವ್ವನಿಗೆ ಫೋನ್ ಮಾಡುತ್ತಿದ್ದಳು. ನಾನು ಫೋನು ಇಸಿದುಕೊಂಡರೆ ಮಾತಿಲ್ಲದೆ ಇಟ್ಟುಬಿಡುತ್ತಿದ್ದಳು. ಫೋಟೊವನ್ನು ಅವತ್ತು ರಾತ್ರಿಯೇ ಅಳಿಸಿದ್ದೆ. ನೋಡಬೇಕಾದವರು ನೋಡಿಯಾಗಿತ್ತು.

ಕಳೆದ ವರ್ಷ ನನಗೆ ಸಿಂಧನೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಇಲ್ಲಿಂದ ತುರ್ವಿಹಾಳ ಮುಕ್ಕಾಲು ತಾಸಿನ ದಾರಿ. ದಿನಾ ನಾನು ಚಹಾ ಕುಡಿಯುವ ಅಂಗಡಿಯ ಮುಂದೆಯೇ ಆ ಊರಿನ ಬೋರ್ಡು ಹೊತ್ತ ಬಸ್ಸು ನಿಂತು, ಹುಡುಗರನ್ನು ತುಂಬಿಕೊಂಡು ಹೋಗುತ್ತದೆ. ನಾನು ಮಸ್ಕಿಯಲ್ಲಿದ್ದು ಅಕ್ಕ ದೂರವಿದ್ದಾಗ ಅಷ್ಟು ಅನ್ನಿಸುತ್ತಿರಲಿಲ್ಲ. ಹತ್ತಿರ ಬಂದ ಮೇಲೆ ದೂರ ಎಷ್ಟೆಂದು ತಿಳಿಯಿತು. ನನ್ನ ತರಗತಿಯಲ್ಲಿ ಅಕ್ಕನ ಓಣಿಯವಳೇ ಒಬ್ಬಳು ವಿದ್ಯಾರ್ಥಿನಿ ಇದ್ದಾಳೆ. ಹಾಜರಿ ಕರೆದ ಮೇಲೆ ಏನೋ ನೆನಪಾದವನಂತೆ, ನಿಮ್ಮ ಕಡೆ ಭತ್ತದ ನಾಟಿ ಆಯಿತೇನಮ್ಮ ಎಂದು ಕೇಳುತ್ತಿದ್ದೆ. ಅವಳು ನಾಟಿಯ ವಿಷಯ ಹೇಳುತ್ತ ಹೇಳುತ್ತ, ನಿಮ್ಮ ಅಕ್ಕಾರ ಮನೆಗೆ ಬಣ್ಣ ಹಚ್ಚಿಸಿದರು ಸರ, ಹಸು ಕರು ಹಾಕಿತು ಸರ ಎಂದು ಸೇರಿಸುತ್ತಿದ್ದಳು. ಆ ಹುಡುಗಿ ನನಗಿಂತ ಜಾಣೆ. ನಾನು ಭತ್ತದ ಮೇಲೆ ಇಷ್ಟು ಆಸ್ಥೆ ಇಟ್ಟಿದ್ದು ಯಾಕೆಂದು ಅವಳು ಒಂದು ದಿನವೂ ಕೇಳಲಿಲ್ಲ.

ಹೀಗಿರುವಾಗ ಈ ಬೇಸಿಗೆಯಲ್ಲಿ ಲಿಂಗಸುಗೂರಿನಲ್ಲಿ ಸುಮಾಳ ಮದುವೆ. ಈಗ ನಮ್ಮ ಕಡೆ ಮದುವೆಗೆ ಇಬ್ಬರು ಫೋಟೊದವರು ಬರುತ್ತಾರೆ. ಒಬ್ಬ ಎಲ್ಲರನ್ನೂ ಸಾಲಾಗಿ ನಿಲ್ಲಿಸುವವನು, ಇನ್ನೊಬ್ಬ ‘ಕ್ಯಾಂಡಿಡ್’ನವನು. ಯಾರಿಗೂ ಗೊತ್ತಾಗದಂತೆ ತೆಗೆಯುವುದು ಈ ಎರಡನೆಯವನ ಕೆಲಸ. ಆದರೆ ಅವನು ಮಾಡುವಷ್ಟು ಗದ್ದಲವನ್ನು ಬ್ಯಾಂಡಿನವರೂ ಮಾಡುವುದಿಲ್ಲ. ಸುಮಾಳನ್ನು ಕಳಿಸಿಕೊಡುವಾಗ ಕಣ್ಣೊರೆಸಿಕೊಂಡ ಅವ್ವನಿಗೆ, ಬೆಳಕು ಸರಿಯಿರಲಿಲ್ಲ, ಇನ್ನೊಮ್ಮೆ ಒರೆಸಿಕೊಳ್ಳಿ ಎಂದ. ಅವ್ವ ಒರೆಸಿಕೊಂಡಳು. ಮೊದಲನೇ ಸಲ ಅತ್ತದ್ದು ಸುಮಾಳಿಗಾಗಿ, ಎರಡನೇ ಸಲ ಅವನಿಗಾಗಿ, ಪಾಪ ಬಿಸಿಲಲ್ಲಿ ನಿಂತಿದ್ದ ಎಂದು ಆಮೇಲೆ ಹೇಳಿದಳು.

ಅವನ ಕಣ್ಣಿಗೆ ಊಟದ ಹಾಲಿನ ಬಾಗಿಲಲ್ಲಿ ನಾನೂ ಅಕ್ಕನೂ ಬಿದ್ದೆವು. ಭಾವನ ಜೊತೆ ಬಂದಿದ್ದ ಅಕ್ಕ ಒಳಗೆ ಹೋಗುತ್ತಿದ್ದಳು, ನಾನು ಹೊರಗೆ ಬರುತ್ತಿದ್ದೆ. ಅವನು ಇಬ್ಬರನ್ನೂ ಹಿಡಿದು ಕಂಬದ ಪಕ್ಕ ನಿಲ್ಲಿಸಿದ. “ಅಣ್ಣಾರ, ಕ್ಯಾಮೆರಾ ನೋಡಬ್ಯಾಡ್ರಿ. ಅಕ್ಕಾರು ಕಿವ್ಯಾಗ ಏನೋ ಅಂದ್ರು, ನಿಮಗ ನಗು ತಡಕೊಳ್ಳಾಕ ಆಗವಲ್ದು. ಹಂಗ ನ್ಯಾಚುರಲ್ ಬರಬೇಕು.” ಸುತ್ತ ಬಳಗ ನೆರೆದಿತ್ತು, ಆಗುವುದಿಲ್ಲ ಎನ್ನುವಂತಿರಲಿಲ್ಲ. ಅಕ್ಕ ನನ್ನ ಕಿವಿಯ ಕಡೆ ಬಾಗಿದಳು. ಮುಖದ ತುಂಬ ಹದವಾದ ನಗೆ. ಆ ನಗೆಯೊಳಗಿಂದಲೇ, ನನಗೊಬ್ಬನಿಗೆ ಕೇಳುವಂತೆ ಅಂದಳು: “ತುಟಿ ಅಲ್ಲಾಡಸು, ಸಾಕು. ಮಾತಾಡಬೇಕಂತೇನಿಲ್ಲ.”

ಮೂರು ವರ್ಷದಲ್ಲಿ ಅವಳು ನನಗೆ ಆಡಿದ ಮೊದಲ ಮಾತು ಅದು. ನಾನು ತುಟಿ ಅಲ್ಲಾಡಿಸಿದೆ. ಕಣ್ಣಲ್ಲಿ ನೀರು ಬಂತು. ಫೋಟೊದವನು ಸೂಪರ್ ಅಣ್ಣಾ ಎಂದ. ಆ ನೀರನ್ನೇ ಈಗ ಜನ ನಗುವಿನದೆಂದು ಓದುತ್ತಿದ್ದಾರೆ.

ಈ ಸಲ ಪಂಚಮಿಗೆ ವಾರವಿರುವಾಗ ಅವ್ವ ಫೋನ್ ಮಾಡಿದಳು. ಅಪ್ಪ ಇನ್ನು ಹೋಗುವುದಿಲ್ಲವೆಂದಿದ್ದಾನೆ ಎಂದಳು. ಆಮೇಲೆ, “ಕರಿಯಾಕ ಹೋಗೋದು ತಮ್ಮನ ಕೆಲಸ. ವಾದ ಮಾಡಾಕ ಬರತೈತಿ ನಿನಗ, ಕರಿಯಾಕ ಬರಂಗಿಲ್ಲೇನು?” ಅಂದಳು.

ಭಾನುವಾರ ಆ ಬಸ್ಸು ಹತ್ತಿದೆ. ಕಾಲುವೆಯ ಗುಂಟ ಹೋಗುವಷ್ಟೂ ಹೊತ್ತು ಮನಸ್ಸಿನಲ್ಲಿ ಪಾಯಿಂಟುಗಳನ್ನು ಜೋಡಿಸುತ್ತಿದ್ದೆ. ತಪ್ಪು ನನ್ನದು, ಶಿಕ್ಷೆ ಅಕ್ಕನಿಗೆ, ಇದು ನ್ಯಾಯವೇ ಎಂಬುದು ಮೊದಲನೆಯದು. ವರ್ಷ ಎಂದೋ ತುಂಬಿದೆ, ಈಗ ರೂಢಿಯೂ ಅಡ್ಡ ಬರುವುದಿಲ್ಲ ಎಂಬುದು ಎರಡನೆಯದು. ಮೂರನೆಯದು ಜೋಡಿಸುವಷ್ಟರಲ್ಲಿ ಊರು ಬಂತು. ಅಕ್ಕನ ಅತ್ತೆ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಬಾ ಅನ್ನಲೂ ಇಲ್ಲ, ಯಾಕೆ ಬಂದೆ ಅನ್ನಲೂ ಇಲ್ಲ. ಮೊರವನ್ನು ನಮ್ಮಿಬ್ಬರ ನಡುವೆ ಸರಿಸಿದರು. ನಾನೂ ಸುಲಿಯತೊಡಗಿದೆ. ಒಳಗೆ ಅಕ್ಕ ಬಳೆ ಸದ್ದಾಗದಂತೆ ಪಾತ್ರೆ ಎತ್ತಿಡುತ್ತಿದ್ದುದು ತಿಳಿಯುತ್ತಿತ್ತು.

ಪಂಚಮಿಗೆ ಕರೆಯಲು ಬಂದೆ, ಅವತ್ತು ಸುಳ್ಳು ಹೇಳಿದ್ದು ತಪ್ಪು ಎಂದು ಶುರುಮಾಡಿದೆ. ಅವರು ಕೈ ನಿಲ್ಲಿಸದೆ ಮಾತು ತಡೆದರು.

“ಸುಳ್ಳಿಗೆ ಸಿಟ್ಟು ಬಂದಿತ್ತು, ಖರೆ. ಅದು ಎಂಟು ದಿನದಾಗ ಹೋತು. ಸುಳ್ಳು ಹೇಳಲಾರದ ತವರಿಗೆ ಹೋದ ಸೊಸಿ ಯಾರದಾಳ? ನಾನೂ ಹೇಳೀನಿ.”

“ಮತ್ತ ಎರಡು ವರ್ಷ ಯಾಕ ಕಳಿಸಲಿಲ್ಲರಿ ಅತ್ತಿ?”

ಅವರು ಒಂದು ಕಾಯಿ ಒಡೆದು, ಬೀಜ ಮೊರಕ್ಕೆ ಹಾಕಿ, ಸಿಪ್ಪೆಯನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.

“ಆ ಫೋಟೊದಾಗ ಹೆಂಗ ನಕ್ಕಾಳ ನೋಡಿಯೇನು? ಬಾಯಿ ತುಂಬ ನಕ್ಕಾಳ. ನಮ್ಮ ಮನಿ ತುಂಬಿ ನಾಕು ವರ್ಷ ಮ್ಯಾಲಾತು. ಇಲ್ಲಿ ಹಂಗ ನಕ್ಕಿದ್ದು ನಾ ಒಂದ ದಿನ ಕಂಡಿಲ್ಲ.” ಧ್ವನಿ ತಗ್ಗಿಸಿದರು. “ಅಲ್ಲಿಗೆ ಕಳಿಸಿದ್ರ ಹೊಳ್ಳಿ ಬರ್ತಾಳೋ ಇಲ್ಲೋ ಅಂತ ಅಂಜಿಕಿ ಆತು.”

ಇದಕ್ಕೆ ಎದುರು ಪಾಯಿಂಟು ಇದ್ದರೆ ನೀವಾದರೂ ಹೇಳಿ. ಆ ಫೋಟೊದಲ್ಲಿ ನಾನು ಕಂಡದ್ದು ನನ್ನ ಸಿದ್ಧಾಂತವನ್ನು. ಭಾವ ಕಂಡದ್ದು ಅವ್ವನ ಮೊಣಕಾಲನ್ನು. ಅಕ್ಕನ ನಗುವನ್ನು ಕಣ್ಣಿಟ್ಟು ನೋಡಿದವರು ಈ ಹೆಂಗಸೊಬ್ಬರೇ. ನೋಡಿ, ಅದನ್ನು ಎರಡು ವರ್ಷ ಒಳಗೇ ಇಟ್ಟುಕೊಂಡು ಕೂತಿದ್ದರು. ಸಿಪ್ಪೆಯನ್ನು ಬುಟ್ಟಿಗೆ ಹಾಕಿ, “ಕರ್ಕೊಂಡು ಹೋಗು. ಐದು ದಿನ,” ಅಂದರು. ಆಮೇಲೆ ಒಳಗಿನ ಕಡೆ ತಿರುಗಿ, ತಮ್ಮ ಬಂದಾನ, ನೀರು ಕೊಡು ಎಂದು ಕೂಗಿದರು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಸಿಂಧನೂರಿನಲ್ಲಿ ಇಳಿದು ಮಸ್ಕಿಯ ಬಸ್ಸು ಹತ್ತಿದೆವು. ಮಾತಾಡಿದೆವು. ರೂಮು ಹೇಗಿದೆ, ಅಡುಗೆ ಯಾರು ಮಾಡುತ್ತಾರೆ, ಕರು ಹಾಲು ಕುಡಿಯುತ್ತದೆಯೇ. ನನ್ನ ತಪ್ಪಾಯಿತು ಎಂದೆ. ಹೋಗಲಿ ಬಿಡು ಎಂದಳು, ಅದರಲ್ಲಿ ಕಹಿ ಇರಲಿಲ್ಲ. ಎಲ್ಲ ಮುಗಿಯಿತು, ಎಲ್ಲ ಮೊದಲಿನಂತಾಯಿತು ಎಂದುಕೊಂಡೆ.

ಅಪ್ಪ ಹೊಸ ಹಗ್ಗ ತಂದು ಜೋಕಾಲಿ ಕಟ್ಟಿದ್ದ. ಅಕ್ಕ ಹತ್ತಿದಳು. ಅವ್ವನ ಮೊಣಕಾಲು ಈಗ ನಿಜವಾಗಿಯೂ ಹಿಡಿದಿದೆ. ಎರಡು ಸಲ ಜೀಕಿ, ಸಾಕಾಗಿ, ಕಟ್ಟೆಗೆ ಕೂತಳು. ಜೋಕಾಲಿ ತಾನೇ ಮೇಲಕ್ಕೆ ಹೋಯಿತು. ಅಕ್ಕನ ಮುಖ ಅರಳಲು ಶುರುವಾದದ್ದನ್ನು ಕಂಡೆ. ಅಷ್ಟರಲ್ಲಿ ಅವಳ ಕಣ್ಣು ನನ್ನ ಕೈಗೆ ಬಂತು. ಕೈಯಲ್ಲಿ ಏನೂ ಇರಲಿಲ್ಲ. ಕಣ್ಣು ಅಂಗಿಯ ಕಿಸೆಗೆ ಹೋಯಿತು. ತುಟಿಗಳು ಮೆಲ್ಲಗೆ ಕೂಡಿಕೊಂಡವು.

ಒಳಗೆ ಹೋಗಿ ಫೋನನ್ನು ದೇವರಮನೆಯ ಗೂಡಿನಲ್ಲಿಟ್ಟು ಬಂದೆ. ಬಂದು, ಎರಡೂ ಕೈ ಕಾಣುವಂತೆ ನಿಂತೆ. ಇದನ್ನು ಬರೆಯುವಾಗ ನಗು ಬರುತ್ತದೆ, ಕಳ್ಳನ ಕಿಸೆ ತಡಕಿ ಜಡತಿ ಮಾಡುವಾಗ ಹಾಗೆ ನಿಲ್ಲಿಸುತ್ತಾರೆ. ಅಕ್ಕ ಇನ್ನೂ ನಾಲ್ಕು ಸಲ ತೂಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಬಂದ ಬೀಗರ ಮುಂದೆ ಇರುವಂಥ ಒಂದು ಒಳ್ಳೆಯ ನಗೆ ಇತ್ತು, ಅಷ್ಟೆ. ನೀರು ಕುಡಿಯುವ ನೆಪ ಹೇಳಿ ಅಡುಗೆಮನೆಗೆ ಹೋದೆ. ಚೊಂಬನ್ನು ಬಾಯಿಗೆ ಎತ್ತುವಷ್ಟರಲ್ಲಿ ಹಿತ್ತಲಿನಿಂದ ನಗು ಬಂತು. ಅವ್ವ ಏನೋ ಅಂದಿರಬೇಕು. ಅದೇ ನಗು, ಬಾಯಿ ತುಂಬ, ಕೊನೆಯಲ್ಲಿ ಉಸಿರು ಸಿಕ್ಕಿಕೊಳ್ಳುವಂಥದ್ದು. ಬಾಗಿಲಿಗೆ ಮೂರೇ ಹೆಜ್ಜೆ. ಹೋದರೆ ನಿಂತುಬಿಡುತ್ತದೆಂದು ಗೊತ್ತಿತ್ತು. ಅದು ತಾನಾಗಿ ಮುಗಿಯುವತನಕ ಚೊಂಬು ಹಿಡಿದು ಅಲ್ಲೇ ನಿಂತಿದ್ದೆ.

ಹೀಗೆ ತುರ್ವಿಹಾಳದ ಆ ಹಿರಿಯ ಹೆಂಗಸೂ ನಾನೂ ಈಗ ಒಂದೇ ತಂಡಕ್ಕೆ ಬಿದ್ದಿದ್ದೇವೆ. ಅಕ್ಕ ನಗುವುದನ್ನು ಎದುರಿಗೆ ನಿಂತು ಕಾಣಲಾಗದವರ ತಂಡ. ಅವರಾದರೂ ಐದು ದಿನ ಎಂದು ಹೇಳಿ ಕಳಿಸಿದರು. ಆರನೆಯ ದಿನ ಸೊಸೆ ಮರಳಿ ಬಂದಳು. ನನಗೆ ಅಂಥ ಗಡುವು ಯಾರೂ ಕೊಟ್ಟಿಲ್ಲ.

ಅಕ್ಕ ಈಗ ವಾರಕ್ಕೊಮ್ಮೆ ನನಗೂ ಫೋನ್ ಮಾಡುತ್ತಾಳೆ. ವಿಡಿಯೊ ಹಾಕುವುದಿಲ್ಲ, ಹಾಕು ಎಂದು ನಾನೂ ಅನ್ನುವುದಿಲ್ಲ. ನಿನ್ನೆ ಕಾಲೇಜಿನ ಚರ್ಚಾಸ್ಪರ್ಧೆಯ ಸಂಗತಿ ಹೇಳಿದೆ. ಒಬ್ಬ ಹುಡುಗ ಐದು ನಿಮಿಷ ಆವೇಶದಿಂದ ವಿಷಯದ ಪರವಾಗಿ ಮಾತಾಡಿ ಕೂತ ಮೇಲೆ, ತಾನು ಹೆಸರು ಕೊಟ್ಟದ್ದು ವಿರೋಧಕ್ಕೆ ಎಂದು ನೆನಪಾಗಿ, ಮತ್ತೆ ಎದ್ದು ಬಂದು ಕ್ಷಮೆ ಕೇಳಿದ. ನಿರ್ಣಾಯಕನಾಗಿದ್ದ ನಾನು ಅವನಿಗೇ ಮೊದಲ ಬಹುಮಾನ ಕೊಟ್ಟೆ. ಆ ಕಡೆಯಿಂದ ಸದ್ದಿಲ್ಲ. ಲೈನು ಹೋಯಿತೇನೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆಮೇಲೆ, “ಇಡ್ತೀನಿ ತಮ್ಮಾ, ಅತ್ತಿ ಕರಿಯಾಕತ್ತಾರ,” ಅಂದಳು.

ಆ ನಾಲ್ಕೈದು ಸೆಕೆಂಡು ಅವಳು ಏನು ಮಾಡುತ್ತಿದ್ದಳೆಂಬುದಕ್ಕೆ ನನ್ನಲ್ಲಿ ಯಾವ ಪುರಾವೆಯೂ ಇಲ್ಲ. ಬೇರೆ ಯಾರಾದರೂ ಇಂಥ ಮಾತು ತಂದಿದ್ದರೆ ಆಧಾರ ಕೇಳಿ ಕೂರಿಸುತ್ತಿದ್ದೆ. ನಕ್ಕಳು ಎಂದೇ ಇಟ್ಟುಕೊಂಡಿದ್ದೇನೆ.